ಶಾಂತಲೆ ಗಂಡನನ್ನು ಏನೆಂದು ಕರೆಯಬೇಕು? ಹೊಯ್ಸಳ ನಾಟಕಕ್ಕೆ ಸಲಹೆ ಬೇಕು

ಸೈಡ್‌ವಿಂಗ್:
ನಮ್ಮ ಹವ್ಯಾಸಿ ತಂಡಕ್ಕೆ ವಿಷ್ಣುವರ್ಧನನ ಮೇಲೆ ಒಂದೂವರೆ ಗಂಟೆಯ ನಾಟಕ ಬರೀತಿದ್ದೀನಿ. 1116ರ ತಲಕಾಡಿನ ಗೆಲುವಿನಿಂದ 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ಪ್ರಾಣ ಬಿಡುವವರೆಗೆ. ಕಥೆ ಕೂತಿದೆ, ಹೆಸರುಗಳು ಕೂರ್ತಿಲ್ಲ. ತಾಲೀಮಿನಲ್ಲಿ ತಾಯಿ, ಹೆಂಡತಿ, ದಂಡನಾಯಕ, ಬಾಗಿಲು ಕಾಯೋನು ಎಲ್ಲರೂ ಅವನನ್ನು ಕರೆಯೋದು "ಮಹಾಪ್ರಭು" ಅಂತಲೇ. ಯಾರು ಯಾರಿಗೆ ಏನಾಗಬೇಕು ಅನ್ನೋದೇ ತಿಳಿಯಲ್ಲ. ಇನ್ನು ನಮ್ಮ ಹೊಗಳುಭಟರಿಗೆ ಕಂಠ ಚೆನ್ನಾಗಿದೆ, ಬಿಟ್ಟರೆ ಇಂಟರ್‌ವಲ್ಲಿನವರೆಗೂ "ರಾಜಾಧಿರಾಜ, ರಾಜಮಾರ್ತಾಂಡ" ಅಂತಿರ್ತಾರೆ. ಅವನ ಇನ್ನೊಂದು ಹೆಸರು "ಬಿಟ್ಟಿಗ" (ಬಿಟ್ಟಿದೇವ), ಅದನ್ನ ಯಾರ ಬಾಯಲ್ಲಿ ಹಾಕಲಿ? ಜನ "ಬಿಟ್ಟಿ" ಅಂತ ನಗ್ತಾರೇನೋ ಅನ್ನೋ ಭಯ ಬೇರೆ.

ಕಲ್ಲುಓದುಗ:
ಮೊದಲು ಆ "ರಾಜಾಧಿರಾಜ" ಕಿತ್ತುಹಾಕಿ. ನಿಮ್ಮ ನಾಟಕದ ಕಾಲಕ್ಕೆ ವಿಷ್ಣುವರ್ಧನ ಕಾಗದದ ಮೇಲೆ ಕಲ್ಯಾಣದ ಚಾಲುಕ್ಯರ ಸಾಮಂತ, 1126ರವರೆಗೆ ಆರನೆಯ ವಿಕ್ರಮಾದಿತ್ಯನೇ ಒಡೆಯ. ಶಾಸನಗಳಲ್ಲಿ ಅವನ ಬಿರುದು "ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರ" ಅಂತ ಶುರುವಾಗುತ್ತೆ, ಅಂದರೆ ಐದು ವಾದ್ಯಗಳ ಗೌರವ ಪಡೆದ ದೊಡ್ಡ ಮಾಂಡಲಿಕ. ಅವನು ಹೊತ್ತಿದ್ದ "ತ್ರಿಭುವನಮಲ್ಲ" ಕೂಡ ಆ ಒಡೆಯನದೇ ಬಿರುದು. ನಾಟಕ ಇರೋದೇ ಅಲ್ಲಿ ಸ್ವಾಮಿ. ಕಲ್ಯಾಣದ ದೂತ ಬಂದು ತುಂಬಿದ ಸಭೆಯಲ್ಲಿ "ಮಹಾಮಂಡಳೇಶ್ವರರೇ" ಅನ್ನಲಿ, ಅಷ್ಟೇ. ಪೂರ್ತಿ ಗೌರವದ ಮಾತು, ಆದರೆ ನೀನು ಚಕ್ರವರ್ತಿ ಅಲ್ಲ ಅಂತ ಹೇಳಿದ ಹಾಗೂ ಆಯ್ತು. ಹೊಗಳುಭಟ ತಕ್ಷಣ "ತಲಕಾಡುಗೊಂಡ!" ಅಂತ ಕೂಗಲಿ. ಅದನ್ನು ಅವನು ಚಿನ್ನದ ನಾಣ್ಯದ ಮೇಲೂ ಅಚ್ಚು ಹಾಕಿಸಿದ್ದ. 1118ರಲ್ಲಿ ಅವನ ದಂಡನಾಯಕ ಗಂಗರಾಜ ಕಣ್ಣೇಗಾಲದಲ್ಲಿ ಚಾಲುಕ್ಯ ಸೇನೆಯ ಮೇಲೆ ರಾತ್ರಿ ಬಿದ್ದದ್ದಕ್ಕೆ ಬೇರೆ ಪೀಠಿಕೆ ಬೇಕಾಗಲ್ಲ.

ಇನ್ನೊಂದು. ರಾಮಾನುಜಾಚಾರ್ಯರು ಬಂದರು, ಬಿಟ್ಟಿದೇವ ಹೋಗಿ ವಿಷ್ಣುವರ್ಧನ ಆದ ಅಂತ ಒಂದೇ ದೃಶ್ಯದಲ್ಲಿ ಮುಗಿಸಬೇಡಿ, ಎಲ್ಲರೂ ಮಾಡೋದು ಅದನ್ನೇ. ಅವನು ಸಾಕಿ ಬೆಳೆಸಿದ ದಂಡನಾಯಕನ ಹೆಸರು ಬಿಟ್ಟಿಯಣ್ಣ. ಆ ಬಿಟ್ಟಿಯಣ್ಣ 1137ರಲ್ಲಿ ದೋರಸಮುದ್ರದಲ್ಲಿ (ಇವತ್ತಿನ ಹಳೇಬೀಡು) ಕಟ್ಟಿಸಿದ ಬಸದಿಗೆ ವಿಷ್ಣುವರ್ಧನ ಜಿನಾಲಯ ಅಂತ ಹೆಸರು. ಎರಡು ಹೆಸರೂ ಜೊತೆಗೇ ಓಡಾಡಿಕೊಂಡಿದ್ದವು. ಜೈನ ಬಿರುದಾದ "ಸಮ್ಯಕ್ತ್ವಚೂಡಾಮಣಿ"ಯನ್ನೂ ಹೊಯ್ಸಳರು ಬಿಡಲಿಲ್ಲ.

ಬಣ್ಣದವೇಷ:
ನಾನು ಊರ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿ ಮಾಡಿ ಕಿರೀಟದ ಗುರುತು ಹಣೆ ಮೇಲಿದೆ. ಬಿರುದು ಒಂದು ಸಲ ಪೂರ್ತಿ ಹೇಳಿಸಿ, ಮೊದಲ ಪ್ರವೇಶಕ್ಕೆ. ಆಮೇಲೆ "ಮಲಪರೊಳ್ಗಂಡ" (ಮಲೆನಾಡ ನಾಯಕರಲ್ಲಿ ಗಂಡು) ಒಂದೇ ಸಾಕು. ನಾಲಿಗೆಗೆ ತೂಕ ಇದೆ, ಕಡೇ ಸಾಲಿನವರೆಗೂ ಮುಟ್ಟುತ್ತೆ.

"ಬಿಟ್ಟಿಗ" ತಾಯಿಗೆ ಮಾತ್ರ ಕೊಡಿ. ಮೊದಲ ಸಲ ನಗ್ತಾರೆ, ನಗಲಿ. ಎರಡನೇ ಸಲ ನಗಲ್ಲ. "ವಿಷ್ಣುವರ್ಧನ" ಅಂದಾಗಲೇ ನಿಜವಾದ ತೊಂದರೆ. ನಮ್ಮೂರಲ್ಲಿ ಆ ಹೆಸರು ಕೇಳಿದ ಕೂಡಲೇ ಹಿಂದಿನಿಂದ "ಸಾಹಸಸಿಂಹ!" ಅಂತ ಸಿಳ್ಳೆ ಬಿತ್ತು, ನಾನು ಕತ್ತಿ ಎತ್ತಿ ನಿಂತಿದ್ದೆ.

ಶಾಂತಲೆ ಬಾಯಲ್ಲಿ ಹೆಸರೇ ಬೇಡ. ನಮ್ಮಜ್ಜಿ ತಾತನ ಹೆಸರನ್ನು ಜನಗಣತಿಯವರಿಗೂ ಹೇಳಲಿಲ್ಲ, ಪಕ್ಕದ ಮನೆಯವರಿಂದ ಹೇಳಿಸಿದಳು. "ಕೇಳಿದಿರಾ" ಅನ್ನೋದ್ರಲ್ಲೇ ಪ್ರೀತಿ, ಮುನಿಸು ಎರಡೂ ಬರುತ್ತೆ, ಒಳ್ಳೆ ನಟಿ ಇದ್ರೆ. ಸಾಯುವ ಹೊತ್ತಿಗೆ ಹೆಸರು ಹಿಡಿದು ಕರೆಸೋ ಆಸೆ ನಿಮಗೆ ಬಂದೇ ಬರುತ್ತೆ, ಬೇಡ. ಅದು ಸಿನಿಮಾ.

ಕಲ್ಲುಓದುಗ:
ಅವಳ ಬಿರುದು ಮರೀಬೇಡಿ. "ಉದ್ವೃತ್ತ ಸವತಿ ಗಂಧವಾರಣೆ", ಅಂದರೆ ಕೊಬ್ಬಿದ ಸವತಿಯರ ಪಾಲಿಗೆ ಮದ್ದಾನೆ. 1123ರಲ್ಲಿ ಅವಳು ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಯನ್ನು ಇವತ್ತಿಗೂ ಸವತಿಗಂಧವಾರಣ ಬಸದಿ ಅಂತಲೇ ಕರೆಯೋದು. ನಮ್ಮ ನಾಟಕದವರು ಮಾತ್ರ ಅವಳನ್ನು ಬರೀ ನಾಟ್ಯರಾಣಿ ಮಾಡಿ ಗೆಜ್ಜೆ ಕಟ್ಟಿ ಕೂರಿಸಿಬಿಟ್ಟಿದ್ದಾರೆ.

ಸೈಡ್‌ವಿಂಗ್:
ಇದನ್ನ ಹೊಗಳುಭಟರಿಗೆ ಕೊಡಲ್ಲ. ಇನ್ನೊಬ್ಬ ರಾಣಿ ಲಕ್ಷ್ಮೀದೇವಿ ಇದ್ದಾಳಲ್ಲ, ಮುಂದೆ ಪಟ್ಟಕ್ಕೆ ಬರೋ ನರಸಿಂಹನ ತಾಯಿಯಾಗೋಳು. ಅವಳಿಂದಲೇ ಶಾಂತಲೆಯ ಎದುರಿಗೆ, ನಗುನಗುತ್ತಾ, ಒಂದಕ್ಷರ ಬಿಡದೆ ಹೇಳಿಸ್ತೀನಿ. ಕಲ್ಯಾಣದ ದೂತನ ಪಾತ್ರಕ್ಕೆ ಈಗ ಆಳು ಹುಡುಕಬೇಕು. ಬಾಗಿಲು ಕಾಯೋನಿಗೇ ಮೀಸೆ ಬದಲಾಯಿಸಿದ್ರೆ ನಡೆಯುತ್ತಾ?

ಬಣ್ಣದವೇಷ:
ನಡೆಯುತ್ತೆ. ಪೇಟಾನೂ ಬದಲಾಯಿಸಿ.