"ತಪ್ಪು ರೋಗನಿರ್ಣಯ" ಅಂದರೆ ಯಾರ ತಪ್ಪು?

ಎಲ್ಲರಿಗೂ ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಜ್ವರಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮಿಸ್‌ಡಯಾಗ್ನೋಸಿಸ್ ಅನ್ನೋ ಪದದ ಹತ್ತಿರ ಬಂದು ಎರಡು ದಿನದಿಂದ ಕೈ ನಿಂತಿದೆ.

"ತಪ್ಪು ರೋಗನಿರ್ಣಯ" ಎಂದು ಬರೆಯುವುದು ವಾಡಿಕೆ. ಇವತ್ತು ವೈದ್ಯರು ಎಡವಿದರೆ ಅದು ಸರಿಯೇ. ನನ್ನ ತೊಡಕು ಬೇರೆ.

ಟೈಫಸ್ ಮತ್ತು ಟೈಫಾಯ್ಡ್ ತಗೊಳ್ಳಿ. ಟೈಫಸ್ ಬಟ್ಟೆಯಲ್ಲಿ ಸೇರಿಕೊಳ್ಳುವ ಹೇನಿನಿಂದ ಹರಡುತ್ತದೆ, ಟೈಫಾಯ್ಡ್ ಹೊಲಸು ಸೇರಿದ ನೀರು, ಆಹಾರದಿಂದ. ಆದರೆ ಎರಡರಲ್ಲೂ ಬಿಡದ ಜ್ವರ, ಮಂಪರು, ಮೈಮೇಲೆ ಕಲೆ. ಹಾಸಿಗೆ ಪಕ್ಕ ನಿಂತವರಿಗೆ ವ್ಯತ್ಯಾಸ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಹೆಣ ಕೊಯ್ದು ನೋಡಿದಾಗ. ಟೈಫಾಯ್ಡ್ ಆಗಿ ಸತ್ತವರ ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣು ಇರುತ್ತಿತ್ತು, ಟೈಫಸ್‌ನವರಲ್ಲಿ ಇಲ್ಲ. 1837ರಲ್ಲಿ ಫಿಲಡೆಲ್ಫಿಯಾದ ವೈದ್ಯ ವಿಲಿಯಂ ಗೆರ್ಹಾರ್ಡ್, 1850ರ ಹೊತ್ತಿಗೆ ಲಂಡನ್ನಿನ ವೈದ್ಯ ವಿಲಿಯಂ ಜೆನ್ನರ್ ಇವು ಬೇರೆಬೇರೆ ರೋಗ ಅಂತ ತೋರಿಸಿದರು. ಆದರೂ ಇಂಗ್ಲೆಂಡಿನ ಸಾವಿನ ಲೆಕ್ಕದಲ್ಲಿ 1869ರ ತನಕ ಎರಡಕ್ಕೂ ಒಂದೇ ತಲೆಬರಹ: ಟೈಫಸ್. ಹೇನಿನ ಕೈವಾಡ ಗೊತ್ತಾಗಿದ್ದಂತೂ 1909ರಲ್ಲಿ, ಫ್ರೆಂಚ್ ವೈದ್ಯ ಷಾರ್ಲ್ ನಿಕೋಲ್ ಅವರಿಂದ.

ಹಾಗಿದ್ದ ಮೇಲೆ 1830ರಲ್ಲಿ ಟೈಫಾಯ್ಡ್ ರೋಗಿಯನ್ನು ನೋಡಿ "ಟೈಫಸ್" ಎಂದ ವೈದ್ಯ ಮಾಡಿದ್ದು ತಪ್ಪಾ? ಬೇರೆ ಗೂಡೇ ಇರಲಿಲ್ಲ, ಇದ್ದ ಗೂಡಿಗೆ ಹಾಕಿದ, ಅಷ್ಟೇ ಅಲ್ವಾ?

"ತಪ್ಪು ನಿದಾನ" ಅನ್ನೋಣ ಅಂದುಕೊಂಡೆ; ನಿದಾನ ಅಂದರೂ ರೋಗನಿರ್ಣಯವೇ. ಕರಡು ಓದಿದ ಗೆಳೆಯ "ತಪ್ಪೂ ಮಾಡಿ ನಿಧಾನವೂ ಮಾಡಿದರಾ?" ಎಂದ. ಅಲ್ಲಿಗೆ ಅದನ್ನು ಕೈಬಿಟ್ಟೆ.

ಈಗ ಮನಸ್ಸು ವಾಲಿರುವುದು "ಗುರುತು ತಪ್ಪಿತು" ಕಡೆಗೆ. ದಾರಿ ತಪ್ಪಿತು, ಲೆಕ್ಕ ತಪ್ಪಿತು ಅಂತೀವಲ್ಲ, ಹಾಗೆ. ತಪ್ಪು ಅಂದ ಕೂಡಲೇ ಮಾಡಿದವನೊಬ್ಬ ಬೇಕು. ತಪ್ಪಿತು ಅಂದರೆ ಯಾರ ಮೇಲೂ ಬೊಟ್ಟು ಮಾಡಬೇಕಿಲ್ಲ. ಆದರೆ ತಲೆಬರಹಕ್ಕೆ ನಾಮಪದ ಬೇಕಲ್ಲ! "ಗುರುತುತಪ್ಪು" ಅಂತ ಜೋಡಿಸಿದರೆ ಮತ್ತೆ ಆ ತಪ್ಪೇ ಬಂದು ಕೂರುತ್ತದೆ. "ರೋಗದ ಗುರುತು ತಪ್ಪುವಿಕೆ" ಸ್ವಲ್ಪ ಜಾಸ್ತಿ ಉದ್ದ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಟೈಫಾಯ್ಡ್ ಅಂದರೆ ಮೂಲದಲ್ಲಿ "ಟೈಫಸ್‌ನಂಥದ್ದು". ಆ ಹಳೇ ಗೊಂದಲ ಹೆಸರಲ್ಲೇ ಉಳಿದಿದೆ. ನಮ್ಮ "ವಿಷಮಶೀತ ಜ್ವರ"ದಲ್ಲಿ ಅದರ ಸುಳಿವೇ ಇಲ್ಲ. "ವಿಷಮಶೀತ ಜ್ವರವನ್ನು ಟೈಫಸ್ ಎಂದು ಬಗೆದಿದ್ದರು" ಎಂದು ಬರೆದರೆ, ಇಷ್ಟು ಬೇರೆ ಹೆಸರಿನ ರೋಗಗಳನ್ನು ಯಾಕೆ ಕಲಸಿಕೊಂಡರು ಅಂತ ಓದುಗರು ಕೇಳುತ್ತಾರೆ. ಈ ಲೇಖನಕ್ಕೆ ಸುಮ್ನೆ ಟೈಫಾಯ್ಡ್ ಅಂತಲೇ ಇಟ್ಟುಬಿಡಲಾ? ಆಡುಮಾತಿನಲ್ಲಿ ಎಲ್ಲರೂ ಅನ್ನೋದು ಅದನ್ನೇ.