ರಾತ್ರಿ ಡಾಂಬರು ಕೆಲಸಕ್ಕೆ 46 ರಿಫ್ಲೆಕ್ಟರ್ ಜಾಕೆಟ್ ಹೊಲಿಸಬೇಕು, ಏನು ನೋಡಿ ಆರ್ಡರ್ ಕೊಡಲಿ?

ಮದ್ದೂರು ಗುತ್ತಿಗೆದಾರ

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆಯ ಸಣ್ಣ ಗುತ್ತಿಗೆದಾರ. ರಸ್ತೆ ಅಗಲ ಮಾಡುವುದು, ಡಾಂಬರು, ಚರಂಡಿ ಕೆಲಸ ಮಾಡಿಸುತ್ತೇನೆ. ನನ್ನ ಹತ್ತಿರ 46 ಜನ ಇದ್ದಾರೆ. ಅದರಲ್ಲಿ 15 ಜನ ಹೆಂಗಸರು, ಯಾದಗಿರಿ, ರಾಯಚೂರು ಕಡೆಯಿಂದ ಬಂದವರೇ ಜಾಸ್ತಿ.

ಹೋದ ತಿಂಗಳು ರಾತ್ರಿ ಗುಂಡಿ ಮುಚ್ಚುವ ಕೆಲಸ ನಡೆಯುತ್ತಿತ್ತು. ನಮ್ಮ ಹುಡುಗನೊಬ್ಬ ಬಿದ್ದ ಕೋನ್ ಎತ್ತಿ ನಿಲ್ಲಿಸಲು ಬಗ್ಗಿದ್ದ. ಬೈಕೊಂದು ಬಂದು ಅವನ ಕಾಲಿಗೆ ತಾಗಿತು. ಮೂಳೆ ಮುರಿಯಲಿಲ್ಲ, ಆದರೆ ಮೂರು ವಾರ ಮಲಗಿದ್ದ. "ಅಣ್ಣ, ನಿಜವಾಗ್ಲೂ ಕಾಣ್ಲಿಲ್ಲ" ಅಂದ ಬೈಕಿನವನು. ಹುಡುಗ ಜಾಕೆಟ್ ಹಾಕಿದ್ದ. ನಾನೇ ಕೊಡಿಸಿದ್ದು, 70 ರೂಪಾಯಿಯದು. ಮರುದಿನ ರಾತ್ರಿ ಅದನ್ನೇ ಬೇಲಿಗೆ ನೇತುಹಾಕಿ ದೂರದಿಂದ ಬೈಕ್ ಲೈಟ್ ಬಿಟ್ಟು ನೋಡಿದೆ. ಪಟ್ಟಿ ಹಳೇ ಬೂದು ಬಟ್ಟೆಯ ತರ ಕಂಡಿತು, ಅಷ್ಟೇ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಈ ಸಲ ಹೆಸರು ಹಾಕಿಸಿ ಒಳ್ಳೆಯದನ್ನೇ ಹೊಲಿಸಬೇಕು. ಒಂದಕ್ಕೆ 350 ರೂಪಾಯಿವರೆಗೆ ಕೊಡುತ್ತೇನೆ. ಹಳದಿಯೋ ಕಿತ್ತಳೆಯೋ? ಜಾಲರಿ ಬಟ್ಟೆ ಸಾಕಾ? ಅಂಗಡಿಯವರು ಎಲ್ಲದಕ್ಕೂ "ಇದು ಐಎಸ್‌ಒ ಸಾರ್" ಅನ್ನುತ್ತಾರೆ. ನಂಬುವುದು ಹೇಗೆ?

ಹಾವೇರಿ ಹಳೇ ಸೂಪರ್‌ವೈಸರ್

ಅಣ್ಣ, ಬೇಲಿಗೆ ಹಾಕಿ ಲೈಟ್ ಬಿಟ್ಟು ನೋಡಿದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಾನು 19 ವರ್ಷ ಹೆದ್ದಾರಿ ಕೆಲಸದಲ್ಲಿದ್ದೆ. ಜಾಕೆಟ್ ಕೈಗೆ ಬಂದರೆ ಮೊದಲು ಕತ್ತಲಿಗೆ ಒಯ್ಯುತ್ತಿದ್ದೆ.

ಒಂದು ವಿಷಯ ಮನಸ್ಸಲ್ಲಿಡಿ. ಹಗಲು ಕೆಲಸ ಮಾಡುವುದು ಬಟ್ಟೆಯ ಬಣ್ಣ, ರಾತ್ರಿ ಕೆಲಸ ಮಾಡುವುದು ಪಟ್ಟಿ. ಆ ಮಿಂಚುವ ಹಳದಿ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಕಿರಣವನ್ನು ಹೀರಿ ಬೆಳಕಾಗಿ ಬಿಡುತ್ತದೆ. ಅದಕ್ಕೇ ಮೋಡದ ದಿನ, ಸಂಜೆ ಹೊತ್ತು ಅಷ್ಟು ಎದ್ದು ಕಾಣುತ್ತದೆ. ಕತ್ತಲಾದ ಮೇಲೆ ಆ ಆಟ ಮುಗಿಯಿತು. ಆಗ ಪಟ್ಟಿಯಲ್ಲಿರುವ ಸಣ್ಣ ಗಾಜಿನ ಮಣಿಗಳು ಗಾಡಿಯ ಬೆಳಕನ್ನು ಬಂದ ದಾರಿಯಲ್ಲೇ ಡ್ರೈವರ್ ಕಣ್ಣಿಗೆ ವಾಪಸ್ ಕಳಿಸಬೇಕು. ನಿಮ್ಮ 70 ರೂಪಾಯಿ ಜಾಕೆಟ್‌ನಲ್ಲಿ ಬಣ್ಣ ಇತ್ತು, ಮಣಿಯ ಕೆಲಸ ಇರಲಿಲ್ಲ.

"ಐಎಸ್‌ಒ" ಅಂದರೆ ಯಾವುದು ಅಂತ ಕೇಳಿ. ಇಂಥ ಜಾಕೆಟ್‌ಗಿರುವ ಅಂತರರಾಷ್ಟ್ರೀಯ ಗುಣಮಟ್ಟದ ನಿಯಮ ಇಎನ್ ಐಎಸ್‌ಒ 20471. ನಮ್ಮ ದೇಶದ್ದು ಐಎಸ್ 15809. ಇಎನ್ ಐಎಸ್‌ಒದಲ್ಲಿ ಮೂರು ದರ್ಜೆ ಇವೆ, ಮೂರನೆಯದೇ ಎಲ್ಲಕ್ಕಿಂತ ಮೇಲಿನದು. ರಸ್ತೆ ಮೇಲೆ ಎರಡನೆಯದಕ್ಕಿಂತ ಕಡಿಮೆ ಬೇಡ. ಅದಕ್ಕೆ ಮಿಂಚುವ ಬಟ್ಟೆ 0.50 ಚದರ ಮೀಟರ್, ಹೊಳೆಯುವ ಪಟ್ಟಿ 0.13 ಚದರ ಮೀಟರ್ ಇರಬೇಕು. ಪಟ್ಟಿಯ ಅಗಲ 5 ಸೆಂಟಿಮೀಟರ್‌ಗಿಂತ ಕಡಿಮೆ ಇರಬಾರದು. ಲೆಕ್ಕ ಹಾಕಿದರೆ 5 ಸೆಂಟಿಮೀಟರ್ ಅಗಲದ ಪಟ್ಟಿ ಒಂದು ಜಾಕೆಟ್‌ಗೆ 2.6 ಮೀಟರ್ ಆಗುತ್ತದೆ. ಟೇಪ್ ಹಿಡಿದು ಅಳೆಯಿರಿ. ಒಂದು ಇಂಚಿನ ಪಟ್ಟಿ ಹಾಕಿದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಪಟ್ಟಿಯ ಲ್ಯಾಬ್ ರಿಪೋರ್ಟ್ ಕೇಳಿ. ಪಟ್ಟಿ ಎಷ್ಟು ಬೆಳಕು ವಾಪಸ್ ಕಳಿಸುತ್ತದೆ ಅನ್ನುವ ಅಳತೆ ಅದರಲ್ಲಿರುತ್ತದೆ, ಹೊಸ ಪಟ್ಟಿಗೆ ನೇರ ಬೆಳಕಿನಲ್ಲಿ ಅದು ಕಡಿಮೆ ಅಂದರೂ 330 ಬರಬೇಕು.

ನಿಮ್ಮ ಹುಡುಗ ಬಗ್ಗಿದ್ದ ಅಂದಿರಲ್ಲ, ಅದು ಮುಖ್ಯ. ನಿಂತಾಗ ಎಲ್ಲಾ ಜಾಕೆಟ್ಟೂ ಚೆನ್ನಾಗಿಯೇ ಕಾಣುತ್ತದೆ. ಬಗ್ಗಿದಾಗ ಬೆನ್ನು ಆಕಾಶ ನೋಡುತ್ತದೆ, ಗಾಡಿಯವನಿಗೆ ಕಾಣುವುದು ಪಕ್ಕೆ ಮತ್ತು ಹೆಗಲು. ಅಗ್ಗದವಕ್ಕೆ ಪಕ್ಕೆಯಲ್ಲಿ ಬಟ್ಟೆಯೇ ಇರುವುದಿಲ್ಲ, ಎರಡು ಲಾಡಿ ಇರುತ್ತವೆ. ನೀವು ಸುತ್ತ ಮುಚ್ಚಿದ ಪಕ್ಕೆ ಕೇಳಿ. ಸೊಂಟದ ಸುತ್ತ ಪೂರ್ತಿ ಎರಡು ಪಟ್ಟಿ, ಹೆಗಲ ಮೇಲಿಂದ ಎರಡು ಪಟ್ಟಿ ಬರಲಿ. ಸ್ಯಾಂಪಲ್ ಬಂದಾಗ ಒಬ್ಬನಿಗೆ ಹಾಕಿಸಿ, ರಾತ್ರಿ ನೂರು ಹೆಜ್ಜೆ ದೂರದಲ್ಲಿ ಗುದ್ದಲಿ ಹಿಡಿದು ಬಗ್ಗಿಸಿ, ಪಕ್ಕಕ್ಕೆ ತಿರುಗಿಸಿ ನೋಡಿ. ಬೈಕ್ ಲೈಟ್ ಡಿಮ್‌ನಲ್ಲೇ ಇರಲಿ. ಆಮೇಲೆ ಒಂದು ಚೊಂಬು ನೀರು ಪಟ್ಟಿ ಮೇಲೆ ಸುರಿದು ಇನ್ನೊಮ್ಮೆ ನೋಡಿ. ಕೆಲವು ಪಟ್ಟಿ ನೆನೆದ ತಕ್ಷಣ ಸತ್ತೇ ಹೋಗುತ್ತವೆ. ಮಳೆ ರಾತ್ರಿಯಲ್ಲೇ ಅಲ್ವಾ ಅದು ನಮಗೆ ಬೇಕಾಗುವುದು?

ಬಣ್ಣಕ್ಕೆ ಬಂದರೆ, ನಿಮ್ಮ ಮಂಡ್ಯ ಸೀಮೆಯಲ್ಲಿ ರಸ್ತೆಯ ಎರಡೂ ಕಡೆ ಕಬ್ಬು, ಭತ್ತ. ಹಸಿರಿನ ಮುಂದೆ ಹಳದಿ ಹಸಿರು ಹಗಲು ಬೆರೆತು ಹೋಗುತ್ತದೆ. ಕಿತ್ತಳೆ ತೆಗೆದುಕೊಳ್ಳಿ. ಊರೊಳಗಿನ ಕೆಲಸಕ್ಕಾಗಿದ್ದರೆ ನಾನು ಹಳದಿ ಹೇಳುತ್ತಿದ್ದೆ.

ಪೀಣ್ಯ ಹೊಲಿಗೆ ಮನೆ

ಸರ್, ನಮ್ಮದು 12 ಮೆಷಿನ್‌ನ ಸಣ್ಣ ಘಟಕ. ಇಂಥ ಜಾಕೆಟ್ ಹೊಲಿಯುವುದೇ ನಮ್ಮ ಕೆಲಸ. ಹಾವೇರಿಯವರು ಹೇಳಿದ್ದೆಲ್ಲ ಸರಿ. ಹೊಲಿಗೆ ಕಡೆಯಿಂದ ಒಂದಿಷ್ಟು ಹೇಳುತ್ತೇನೆ.

ಕಾಟನ್ ಕೇಳಬೇಡಿ. ಅದರ ಮೇಲೆ ಈ ಮಿಂಚುವ ಬಣ್ಣ ಸರಿಯಾಗಿ ಕೂರುವುದಿಲ್ಲ. ಪಾಲಿಯೆಸ್ಟರ್ರೇ ಆಗಬೇಕು. ಸೆಕೆಗೆ ಹೆದರಿ ಪೂರ್ತಿ ಜಾಲರಿ ತೆಗೆದುಕೊಂಡರೆ ಡಾಂಬರು ಕೆಲಸದಲ್ಲಿ ಸಲಿಕೆ, ಸರಳು ಸಿಕ್ಕಿಕೊಂಡು ಹರಿಯುತ್ತದೆ. ನಾನು ಮುಂಭಾಗ, ಹೆಗಲಿಗೆ 120 ಜಿಎಸ್‌ಎಂ (ಚದರ ಮೀಟರ್‌ಗೆ 120 ಗ್ರಾಂ ತೂಕದ) ಗಟ್ಟಿ ಬಟ್ಟೆ, ಬೆನ್ನಿನ ಮಧ್ಯ ಮತ್ತು ಪಕ್ಕೆಗೆ ಜಾಲರಿ ಹಾಕಿ ಕೊಡುತ್ತೇನೆ. ವೆಲ್ಡಿಂಗ್ ಮಾಡುವವರು ಯಾರಾದರೂ ಇದ್ದರೆ ಅವರಿಗೆ ಇದು ಬೇಡವೇ ಬೇಡ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಅವರಿಗೆ ಬೆಂಕಿ ತಡೆಯುವ ಬಟ್ಟೆಯದೇ ಬೇರೆ ಇದೆ.

ಹೆಸರನ್ನು ಒಂದೇ ಬಣ್ಣದಲ್ಲಿ, ಕಪ್ಪಲ್ಲಿ ಹಾಕಿಸಿ. ಬಣ್ಣಕ್ಕೊಂದು ಸ್ಕ್ರೀನ್, ಸ್ಕ್ರೀನ್‌ಗೊಂದು ಖರ್ಚು. 46 ಪೀಸ್‌ಗೆ ಮೂರು ಬಣ್ಣ ಹಾಕಿಸಿದರೆ ಆ ದುಡ್ಡಲ್ಲಿ ಒಳ್ಳೆ ಪಟ್ಟಿಯೇ ಬರುತ್ತಿತ್ತು. ಬಿಳಿ ಅಕ್ಷರ ಬೇಡ, ಅಚ್ಚು ಒಣಗಿಸುವ ಶಾಖಕ್ಕೆ ಬಟ್ಟೆಯ ಕಿತ್ತಳೆ ಮೇಲೆ ಏರಿ ಅಕ್ಷರ ಗುಲಾಬಿ ಆಗುತ್ತದೆ. ಪಟ್ಟಿ ಮೇಲೆ ಅಕ್ಷರ ಬರಲೇಬಾರದು. ಬೆನ್ನ ತುಂಬ ದೊಡ್ಡ ಲೋಗೋ ಕೇಳುವವರಿದ್ದಾರೆ. ಅಷ್ಟು ಜಾಗ ಮಿಂಚುವ ಬಟ್ಟೆಯಿಂದ ಕಳೆದಂತೆಯೇ ಲೆಕ್ಕ.

ಇನ್ನು ನಿಮ್ಮ 15 ಜನ ಹೆಂಗಸರು. ದಯವಿಟ್ಟು ಫ್ರೀ ಸೈಜ್ ಕೊಡಬೇಡಿ. ನಮ್ಮ ರಸ್ತೆ ಕೆಲಸದ ಹೆಂಗಸರು ಸೀರೆ ಮೇಲೆ ಗಂಡಸರ ತುಂಬು ತೋಳಿನ ಶರ್ಟ್ ಹಾಕುತ್ತಾರೆ, ಅದರ ಮೇಲೆ ಜಾಕೆಟ್. ಆಮೇಲೆ ಬಿಸಿಲಿಗೆ ಸೆರಗನ್ನೋ ಟವೆಲನ್ನೋ ತಲೆಗೆ ಹೊದ್ದರೆ ಬೆನ್ನಿನ ಪಟ್ಟಿ ಪೂರ್ತಿ ಮುಚ್ಚಿತು! ಸೆರಗು ಶರ್ಟಿನ ಒಳಗೆ ಹೋಗುವಷ್ಟು ಜಾಕೆಟ್ ಸಡಿಲ ಇರಲಿ. ಪಕ್ಕೆಯಲ್ಲಿ ಎಳೆದು ಬಿಗಿ ಮಾಡುವ ವೆಲ್ಕ್ರೋ ಪಟ್ಟಿ ಇಡಿಸಿ. ಉದ್ದ ಸ್ವಲ್ಪ ಕಡಿಮೆ ಮಾಡಿಸಿ, ಇಲ್ಲದಿದ್ದರೆ ಕೂತು ಜಲ್ಲಿ ತುಂಬುವಾಗ ಕಾಲಿಗೆ ಸಿಕ್ಕುತ್ತದೆ. ಕೆಲಸದ ಬಟ್ಟೆ ಹಾಕಿಸಿಯೇ ಎದೆ ಅಳತೆ ತೆಗೆಯಿರಿ.

ಕೊನೆಗೆ ಒಂದು: ಒಳಗೆ ಒಂದು ಜೇಬು ಇಡಿಸಿ. ಮೊಬೈಲ್, ಎಲೆ ಅಡಿಕೆ ಚೀಲ ಇಟ್ಟುಕೊಳ್ಳಲು ಅವರಿಗೆ ಜಾಗವೇ ಇರುವುದಿಲ್ಲ. ಜೇಬು ಇಟ್ಟು ಕೊಟ್ಟ ಜಾಕೆಟ್ ಅವರು ಶೆಡ್‌ನಲ್ಲಿ ಬಿಟ್ಟು ಬರುವುದಿಲ್ಲ. ಪೀಸ್‌ಗೆ 8 ರೂಪಾಯಿ ಜಾಸ್ತಿ ಆಗಬಹುದು, ಅಷ್ಟೇ.

ಮದ್ದೂರು ಗುತ್ತಿಗೆದಾರ

ಮೇಡಂ, ಜೇಬಿನ ಮಾತು ನನಗೆ ಹೊಳೆದೇ ಇರಲಿಲ್ಲ. ಇವತ್ತು ನಮ್ಮ ಮೇಸ್ತ್ರಿಯ ಹೆಂಡತಿಯನ್ನು ಕೇಳಿದೆ. "ಫೋನ್ ಸೊಂಟಕ್ಕೆ ಸಿಕ್ಕಿಸ್ಕೊಂಡ್ರೆ ಬೆವರಿಗೆ ಕೆಡ್ತದ ರೀ, ಅದಕ್ಕ ಶೆಡ್ಡಿನ್ಯಾಗ ಇಟ್ಟು ಬರ್ತೀವಿ" ಅಂದರು. ಮುಂದೆ ಜಿಪ್ ಹಾಕಿಸಲಾ, ವೆಲ್ಕ್ರೋ ಹಾಕಿಸಲಾ?

ಪೀಣ್ಯ ಹೊಲಿಗೆ ಮನೆ

ವೆಲ್ಕ್ರೋ ಸರ್. ಯಂತ್ರಕ್ಕೋ ಟಿಪ್ಪರ್ ಕೊಂಡಿಗೋ ಜಾಕೆಟ್ ಸಿಕ್ಕಿದರೆ ಬಿಚ್ಚಿಕೊಂಡು ಬರಬೇಕು, ಮನುಷ್ಯನನ್ನು ಎಳೆದುಕೊಂಡು ಹೋಗಬಾರದು. ಜಿಪ್ ಹಲ್ಲಿಗೆ ಸಿಮೆಂಟ್ ಕೂತರೂ ಆಯಿತು, ಮತ್ತೆ ಅಲ್ಲಾಡುವುದಿಲ್ಲ. ವೆಲ್ಕ್ರೋದಲ್ಲಿ ಧೂಳು ತುಂಬಿದರೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಬಹುದು.

ಮೈಸೂರು ಮೇಲ್ವಿಚಾರಕಿ

ನಾನು ಪೌರಕಾರ್ಮಿಕರ ಜೊತೆ ಕೆಲಸ ಮಾಡುತ್ತೇನೆ. ಒಗೆಯುವ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮಗೆ ಬಂದ ಒಳ್ಳೆ ಜಾಕೆಟ್‌ಗಳೇ ಎರಡು ತಿಂಗಳಲ್ಲಿ ಮಂಕಾದವು. ಯಾಕೆ ಅಂತ ನೋಡಲು ಒಬ್ಬರ ಮನೆಗೆ ಹೋದೆ. ಅಕ್ಕ ಅದನ್ನು ಒಗೆಯುವ ಕಲ್ಲಿನ ಮೇಲೆ ಬಡಿದು, ಬ್ರಷ್ ಹಾಕಿ ಉಜ್ಜುತ್ತಿದ್ದರು. ಕೊಳಕು ಅಂದರೆ ಅವರಿಗೆ ಆಗುವುದಿಲ್ಲ, ಅಷ್ಟು ಶುದ್ಧ. ಪಟ್ಟಿ ಮೇಲೆ ಬೆರಳು ಎಳೆದೆ. ಅಂಚಿನಲ್ಲಿ ಬೆಳ್ಳಿ ಪುಡಿ ಉದುರಿ ನನ್ನ ಉಗುರಿಗೆ ಅಂಟಿತು. ಆ ಪುಡಿಯೇ ಮಣಿಗಳು. ಅವು ಹೋದ ಮೇಲೆ ಉಳಿಯುವುದು ಬರೀ ಬಟ್ಟೆ.

ಈಗ ಪ್ರತಿ ಜಾಕೆಟ್ ಜೊತೆ ಬಾಯಲ್ಲೇ ಹೇಳಿ ಕೊಡುತ್ತೇವೆ. ತಣ್ಣೀರು, ಕಡಿಮೆ ಸೋಪು, ಕೈಯಲ್ಲಿ ಹಿಂಡದೆ ಅಲುಗಿಸಿ ತೆಗೆಯುವುದು, ನೆರಳಲ್ಲಿ ಒಣಗಿಸುವುದು. ಬ್ಲೀಚ್, ಇಸ್ತ್ರಿ ಇಲ್ಲವೇ ಇಲ್ಲ. ಲೇಬಲ್‌ನಲ್ಲಿ 25 ಒಗೆತ ಅಂತ ಇದ್ದರೆ ವಾರಕ್ಕೊಮ್ಮೆ ಒಗೆದರೂ ಆರು ತಿಂಗಳು. ಅದಕ್ಕೆ ಒಬ್ಬೊಬ್ಬರಿಗೆ ಎರಡೆರಡು ಕೊಡಿ. ಒಂದೇ ಕೊಟ್ಟರೆ, ಒಗೆದು ಹಾಕಿದ ದಿನ ಜಾಕೆಟ್ ಇಲ್ಲದೆ ರಸ್ತೆಗೆ ಬರುತ್ತಾರೆ.

ಮದ್ದೂರು ಗುತ್ತಿಗೆದಾರ

ಹತ್ತು ದಿನ ಆಯಿತು, ಬಂದು ಹೇಳಬೇಕು ಅನ್ನಿಸಿತು.

ಮೂರು ಕಡೆಯಿಂದ ಸ್ಯಾಂಪಲ್ ತರಿಸಿದೆ. ಕಾಲುವೆ ಏರಿ ಮೇಲೆ ರಾತ್ರಿ ಎಂಟೂವರೆಗೆ ನೋಡಿದೆವು. ಕಾಲಿಗೆ ಪೆಟ್ಟಾದ ಹುಡುಗನೇ ಹಾಕಿಕೊಂಡು ನಿಲ್ಲುತ್ತೇನೆ ಅಂದ. ಮೊದಲನೆಯದು ನಿಂತಾಗ ಚೆನ್ನಾಗಿತ್ತು, ಪಕ್ಕಕ್ಕೆ ತಿರುಗಿದ ತಕ್ಷಣ ಕತ್ತಲು. ಎರಡನೆಯದು ನೀರು ಹಾಕಿದ ಮೇಲೆ ಮಂಕಾಯಿತು. ಮೂರನೆಯದನ್ನು ಹಾಕಿ ಅವನು ಬಗ್ಗಿದಾಗ ಹೆಗಲ ಮೇಲಿನ ಎರಡು ಗೆರೆ, ಪಕ್ಕೆಯ ಎರಡು ಗೆರೆ ಬೆಳ್ಳಗೆ ಉರಿದವು. ನೀರು ಹಾಕಿದ ಮೇಲೂ ಇದ್ದವು. ಏರಿ ಕೆಳಗೆ ಹೋಗುತ್ತಿದ್ದ ಟ್ರ್ಯಾಕ್ಟರಿನವನು ನಿಲ್ಲಿಸಿ "ಏನ್ರಣ್ಣ ಅದು?" ಅಂತ ಕೇಳಿದ.

ಒಂದಕ್ಕೆ 390 ಆಯಿತು, ನಾನು ಅಂದುಕೊಂಡಿದ್ದಕ್ಕಿಂತ 40 ಜಾಸ್ತಿ. ಒಬ್ಬೊಬ್ಬರಿಗೆ ಎರಡರಂತೆ 92, ಹೊಸಬರಿಗೆ ಎಂಟು, ಒಟ್ಟು 100. ಕಿತ್ತಳೆ, ಕಪ್ಪು ಅಕ್ಷರ, ಒಳ ಜೇಬು. ಅರ್ಧ ಮುಂಗಡ ಕೊಟ್ಟಿದ್ದೇನೆ. ಉಳಿದದ್ದನ್ನು ಕೊಡುವ ಮೊದಲು ಬಂದ ಮೂಟೆಯಿಂದ ಕಣ್ಣು ಮುಚ್ಚಿ ಐದು ತೆಗೆದು, ಅದೇ ಏರಿ ಮೇಲೆ, ಅದೇ ಹುಡುಗನ ಮೈಮೇಲೆ ನೋಡುತ್ತೇನೆ ಅಂತ ಹೊಲಿಯುವವರಿಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ.