ವೃತ್ತಿಪರ ಸಂಘಕ್ಕೆ ಸೇರಿದ್ರೆ ನಿಜವಾಗಿ ಏನುಪಯೋಗ?

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಮೂರು ವರ್ಷ ಆಯ್ತು. ಸಂಘದ ಸದಸ್ಯತ್ವ ತಗೋ ಅಂತ ಹಿರಿಯರು ಹೇಳ್ತಾನೇ ಇದ್ದಾರೆ. ಬೇಕಾದ ಮಾಹಿತಿಯೆಲ್ಲ ನೆಟ್‌ನಲ್ಲೇ ಸಿಗುವಾಗ ವರ್ಷಾ ವರ್ಷಾ ಶುಲ್ಕ ಯಾಕೆ ಕಟ್ಟಬೇಕು?

ಉತ್ತರ 1: ಇಪ್ಪತ್ತೆರಡು ವರ್ಷದಿಂದ ಬಾಯ್ಲರ್ ತಪಾಸಣೆ ನನ್ನ ಕೆಲಸ. 1905ರಲ್ಲಿ ಅಮೆರಿಕದ ಬ್ರಾಕ್ಟನ್‌ ಊರಿನ ಶೂ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತರು. ಆಗ ರಾಜ್ಯಕ್ಕೊಂದು ನಿಯಮ, ಕೆಲವು ಕಡೆ ಅದೂ ಇಲ್ಲ. 1911ರಲ್ಲಿ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ, ಎಎಸ್‌ಎಂಇ, ಸಮಿತಿ ಕೂರಿಸಿತು. ಅದರಿಂದ ಬಂದದ್ದೇ 1914ರ ಬಾಯ್ಲರ್ ಕೋಡ್, ಅಂದ್ರೆ ಬಾಯ್ಲರ್ ಸುರಕ್ಷಿತವಾಗಿ ಕಟ್ಟೋಕೆ ಎಲ್ಲರಿಗೂ ಒಂದೇ ನಿಯಮಾವಳಿ. ಅದನ್ನು ಇವತ್ತಿಗೂ ತಿದ್ದುತ್ತಿರುವವರು ಬಹುಪಾಲು ಸಂಬಳವಿಲ್ಲದೆ ದುಡಿಯುವ ನಮ್ಮಂಥವರು.

ನನ್ನದೇ ಒಂದು ಅನುಭವ. ಬಾಯ್ಲರ್ ಒಳಗೆ ಒತ್ತಡ ಮಿತಿ ಮೀರಿದ್ರೆ ತಾನೇ ತೆರೆದು ಹಬೆ ಹೊರಬಿಡಬೇಕಾದ ಸೇಫ್ಟಿ ವಾಲ್ವಿನ ಸ್ಪ್ರಿಂಗ್ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು, ಲಿವರ್ ಎತ್ತಿದ್ರೆ ಅಲುಗಾಡಲಿಲ್ಲ. "ಸಹಿ ಹಾಕಿ, ನಾಡಿದ್ದು ನೋಡೋಣ" ಅಂದ್ರು ಮ್ಯಾನೇಜರ್. ಕೈ ನಡುಗ್ತಿತ್ತು. ಸಂಘದ ಸಭೆಯಲ್ಲಿ ಪರಿಚಯವಾಗಿದ್ದ ಹಿರಿಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಯಾವ ನಿಯಮ ಉಲ್ಲೇಖಿಸಬೇಕು, ವರದಿ ಹೇಗೆ ಬರೀಬೇಕು ಅಂತ ಸಾಲು ಸಾಲಾಗಿ ಹೇಳಿಕೊಟ್ರು. ಸಹಿ ಹಾಕಲಿಲ್ಲ. ಸಂಜೆಗೆ ಬಾಯ್ಲರ್ ನಿಂತಿತು. ಆ ಧೈರ್ಯ ನೆಟ್‌ನಲ್ಲಿ ಸಿಗಲ್ಲ ಕಣ್ರೀ.

ಉತ್ತರ 2: ಒಪ್ತೀನಿ. ಆದ್ರೆ ಬರೀ ಶುಲ್ಕ ಕಟ್ಟಿ ಕೂತ್ರೆ ಮ್ಯಾಗಜೀನ್ ಬಿಟ್ಟು ಏನೂ ಬರಲ್ಲ. ಯಾವುದಾದ್ರೂ ಸಮಿತಿಗೆ ಸೇರಿ, ಟಿಪ್ಪಣಿ ಬರೆಯೋ ಕೆಲಸ ಆದ್ರೂ ಸರಿ.

ಪ್ರಶ್ನೆ ಕೇಳಿದವರು: ಆ ವಾಲ್ವಿನ ವಿಷಯ ಓದಿ ಮೈ ಜುಮ್ಮೆಂದಿತು. ಈ ವಾರವೇ ಅರ್ಜಿ ಹಾಕ್ತೀನಿ. ಹೊಸಬರನ್ನೂ ಸಮಿತಿಗೆ ಸೇರಿಸ್ಕೋತಾರಾ?

ಉತ್ತರ 1: ಖಂಡಿತ. ನಾನು ಸೇರಿದ್ದು ಎರಡನೇ ವರ್ಷದಲ್ಲೇ.